ಮೊದಲ ಬಿಲ್ಲು ಮೆದುವಾಗಿರಲಿ

ಮಗೂ,

ಆಳೆತ್ತರದ ಮರದ ಬಿಲ್ಲೊಂದನ್ನು ಕೈಯಾರೆ ಮಾಡಬೇಕೆಂದು ಹೊರಟಿದ್ದೀಯ. ಸಂತೋಷ. ದುಡ್ಡು ಕೊಟ್ಟರೆ ಫೈಬರ್ ಬಿಲ್ಲು ಮನೆ ಬಾಗಿಲಿಗೇ ಬರುವ ಈ ಕಾಲದಲ್ಲಿ ಮರ ಆರಿಸಿ, ಕೀಸಿ, ಬಾಗಿಸಿ ನೋಡುವ ಹಂಬಲ ನಿನಗೆ ಹುಟ್ಟಿದೆಯಲ್ಲ, ಅದನ್ನು ಕೈಬಿಡಬೇಡ. ಮರಗೆಲಸದಲ್ಲೇ ತಲೆ ನರೆತವನು ನಾನು. ಗೊತ್ತಿರುವಷ್ಟನ್ನು ನಿನ್ನ ಕಿವಿಗೆ ಹಾಕುತ್ತೇನೆ.

ನೀನು ಕೇಳಿದ ಮೊದಲ ಪ್ರಶ್ನೆಯೇ ‘ಎಷ್ಟು ಪೌಂಡಿನ ಬಿಲ್ಲು ಮಾಡಲಿ?’ ಎಂಬುದು. ಹೆದೆಯನ್ನು ಪೂರ್ತಿ ಎಳೆದು ಹಿಡಿಯಲು ಬೇಕಾಗುವ ಬಲವನ್ನು ಬಿಲ್ಲುಗಾರರು ಇವತ್ತಿಗೂ ಪೌಂಡಿನಲ್ಲೇ ಹೇಳುತ್ತಾರೆ. ನಿನ್ನ ಮನಸ್ಸಿನಲ್ಲಿರುವುದು 60. ನಾನು ಹೇಳುವುದು 25ರಿಂದ 30, ಅಂದರೆ ಸುಮಾರು 11ರಿಂದ 14 ಕಿಲೋ ಮಾತ್ರ. ಅದಕ್ಕಿಂತ ಬಲವಾದ ಬಿಲ್ಲನ್ನು ಮಾಡುವುದು ಆಮೇಲಿನ ಮಾತು. ಮೊದಲ ಬಿಲ್ಲು ಉದ್ದವಾಗಿರಲಿ, ಅಗಲವಾಗಿರಲಿ, ಮೆದುವಾಗಿರಲಿ, ಮುರಿಯದೆ ಉಳಿಯಲಿ. ಇಲ್ಲಿ ಮುಂದೆ ಹೇಳುವುದೆಲ್ಲ ಈ ಒಂದು ಮಾತಿಗೆ ಕೊಡುವ ಕಾರಣಗಳೇ.

ಉದ್ದ ಬಿಲ್ಲಿಗೆ ಹೆಸರಾದ ಇಂಗ್ಲೆಂಡಿನವರೇ ಹೇಗೆ ಕಲಿತರು ನೋಡು. ಹ್ಯೂ ಲ್ಯಾಟಿಮರ್ ಎಂಬ ಧರ್ಮಗುರು 1549ರಲ್ಲಿ ಅರಸ ಆರನೆಯ ಎಡ್ವರ್ಡನ ಎದುರು ಉಪದೇಶ ಮಾಡುತ್ತ ತನ್ನ ಬಾಲ್ಯವನ್ನು ನೆನೆದಿದ್ದಾನೆ. ಅವನ ಅಪ್ಪ ಒಬ್ಬ ರೈತ. ಮಗನ ವಯಸ್ಸಿಗೆ, ಮೈಯ ಕಸುವಿಗೆ ಹೊಂದುವ ಬಿಲ್ಲನ್ನೇ ತಂದುಕೊಡುತ್ತಿದ್ದನಂತೆ. ಹುಡುಗ ಬೆಳೆದ ಹಾಗೆ ಬಿಲ್ಲೂ ಬೆಳೆಯುತ್ತಿತ್ತು. ತೋಳಿನಿಂದಷ್ಟೇ ಎಳೆಯದೆ ಇಡೀ ಮೈಯ ಭಾರವನ್ನು ಬಿಲ್ಲಿಗೆ ಹಾಕುವುದನ್ನು ಅಪ್ಪನೇ ಹೇಳಿಕೊಟ್ಟನಂತೆ. ನಮ್ಮ ಕೊಡಗಿನಲ್ಲೂ ಗಂಡುಮಗು ಹುಟ್ಟಿದಾಗ ಹರಳು ಗಿಡದ ಕಾಂಡದಿಂದ ಮಾಡಿದ ಪುಟ್ಟ ಬಿಲ್ಲನ್ನು ಕೂಸಿನ ಕೈಗೆ ಮುಟ್ಟಿಸುವ ಪದ್ಧತಿ ಕೊಡವರಲ್ಲಿತ್ತು. ಬೇಟೆ, ಕಾಳಗಗಳನ್ನು ಬಾಳಾಗಿಸಿಕೊಂಡ ಜನ ಕೂಡ ಮೆತ್ತನೆಯ ಹರಳು ಕಡ್ಡಿಯಿಂದಲೇ ಆರಂಭಿಸುತ್ತಿದ್ದರು.

ನಿನ್ನ ತಲೆಯಲ್ಲಿರುವ ದೊಡ್ಡ ಬಿಲ್ಲುಗಳು ಯಾವುವೆಂದು ನನಗೆ ಗೊತ್ತು. ಎಂಟನೆಯ ಹೆನ್ರಿಯ ‘ಮೇರಿ ರೋಸ್’ ಯುದ್ಧನೌಕೆ 1545ರ ಜುಲೈ 19ರಂದು ಪೋರ್ಟ್ಸ್‌ಮತ್ ಬಳಿ ಮುಳುಗಿತು. 1982ರಲ್ಲಿ ಅದರ ಒಡಲನ್ನು ಮೇಲೆತ್ತಿದರು. ಅದರಿಂದ ಸಿಕ್ಕಿದ 130ಕ್ಕೂ ಹೆಚ್ಚು ಇಡೀ ಬಿಲ್ಲುಗಳು ಆರಡಿ ಮೀರಿದ ಉದ್ದದವು. 100ರಿಂದ 180 ಪೌಂಡಿನವರೆಗೆ ಬಲವಿದ್ದಿರಬಹುದೆಂದು ಪರಿಣತರು ಅಂದಾಜು ಮಾಡಿದ್ದಾರೆ. ಅದೇ ಹಡಗಿನಲ್ಲಿ ಸಿಕ್ಕ ಅಸ್ಥಿಪಂಜರಗಳನ್ನು ಪರೀಕ್ಷಿಸಿದಾಗ, ಹಲವರ ಹೆಗಲ ಎಲುಬಿನ ತುದಿ ಬೆಳವಣಿಗೆಯ ಕಾಲದಲ್ಲಿ ಕೂಡಿಕೊಳ್ಳದೆ ಹಾಗೇ ಉಳಿದಿರುವುದು ಕಂಡಿತು. ಎಳವೆಯಿಂದಲೇ ಭಾರಿ ಬಿಲ್ಲು ಎಳೆದದ್ದರ ಗುರುತು ಇದಿರಬಹುದು ಎನ್ನುತ್ತಾರೆ. ನಿನ್ನ ಮೈ ಇನ್ನೂ ಬೆಳೆಯುತ್ತಿದೆ. ಹೆಗಲನ್ನು ಕೆಡಿಸಿಕೊಳ್ಳಬೇಡ.

ಇನ್ನು ಮರದ ಮಾತು.

ಮೇರಿ ರೋಸ್‌ನ ಆ ಬಿಲ್ಲುಗಳು ಯೂ ಮರದವು. ಆ ಮರದ ಹೊರಗಿನ ಬಿಳಿ ಭಾಗ ಎಳೆತವನ್ನು ತಾಳುತ್ತದೆ, ಒಳಗಿನ ಕೆಚ್ಚು ಒತ್ತಡವನ್ನು ತಾಳುತ್ತದೆ. ಎರಡೂ ಒಂದೇ ತುಂಡಿನಲ್ಲಿ ಸಿಗುವುದರಿಂದ ಬಿಲ್ಲಿಗೆ ಅದು ಹೇಳಿ ಮಾಡಿಸಿದ ಮರ. ಇಂಗ್ಲೆಂಡಿನಲ್ಲಿ ಅದಕ್ಕೆ ಎಷ್ಟು ಕೊರತೆ ಬಿತ್ತೆಂದರೆ, ಅಲ್ಲಿನ ಬಂದರಿಗೆ ಸರಕು ತರುವ ಹಡಗುಗಳು ಪ್ರತಿ ಟನ್ನಿಗೆ ನಾಲ್ಕು ಬಿಲ್ಲುಮರದ ತುಂಡುಗಳನ್ನೂ ತರಲೇಬೇಕೆಂದು 1472ರಲ್ಲಿ ಕಾನೂನು ಮಾಡಿದರು. ನಿನಗೆ ಆ ಮರದ ಚಿಂತೆ ಬೇಡ. ನಮ್ಮ ಹಿಮಾಲಯದ ಯೂ ಮರ ಅಳಿವಿನಂಚಿನಲ್ಲಿದೆ, ಅದನ್ನು ಮುಟ್ಟುವಂತಿಲ್ಲ. ಸಾಲದ್ದಕ್ಕೆ ಯೂ ಮರದ ಎಲೆ, ಬೀಜ, ಕಟ್ಟಿಗೆ ಎಲ್ಲವೂ ವಿಷ.

ನಮ್ಮಲ್ಲೇ ತಡಸಲು ಮರ ಇದೆ. ಸಂಸ್ಕೃತದ ಹಳೆಯ ವೈದ್ಯಗ್ರಂಥಗಳಲ್ಲಿ ಇದಕ್ಕೆ ಬಿಲ್ಲಿನ ಮರ ಎಂಬ ಅರ್ಥದ ಹೆಸರೇ ಇದೆ. ಗಾಡಿಯ ಮೂಕಿಗೆ, ಕೊಡಲಿಯ ಕಾವಿಗೆ ರೈತರು ಇದನ್ನು ಹುಡುಕುವುದು ಸುಮ್ಮನೆ ಅಲ್ಲ. ಪೆಟ್ಟು ಬಿದ್ದರೆ ಬಾಗಿ ಮತ್ತೆ ನೆಟ್ಟಗಾಗುವ ಗುಣ ಅದರಲ್ಲಿದೆ. ಹಾಗೆಂದು ಮಚ್ಚು ಹಿಡಿದು ಕಾಡಿಗೆ ನುಗ್ಗಬೇಡ, ಅದು ಅಪರಾಧ. ಸಾಮಿಲ್ಲಿಗೋ ಟಿಂಬರ್ ಡಿಪೋಗೋ ಹೋಗಿ ಕೇಳು. ತಡಸಲು ಸಿಗದಿದ್ದರೆ ಬಲಿತ ಬಿದಿರು ಆಗುತ್ತದೆ. 2017ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಕಾಡಿನ ಹೊರಗೆ ಬೆಳೆದ ಬಿದಿರು ಕಾನೂನಿನ ಲೆಕ್ಕದಲ್ಲಿ ಮರವಲ್ಲ. ನೆಂಟರ ತೋಟದ ಮೆಳೆಯಿಂದ ಅವರನ್ನು ಕೇಳಿ ತರಬಹುದು. ಬಿದಿರಿನ ಬಿಲ್ಲನ್ನು ಕಡೆಗಣಿಸಬೇಡ. ನಮ್ಮ ದೇಶದ ಬಿಲ್ಲುಗಾರಿಕೆಯ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಎಂಬ ವಿಭಾಗವೇ ಇದೆ, ಅಲ್ಲಿ ಬಿದಿರಿನ ಬಿಲ್ಲನ್ನೇ ಹಿಡಿಯುತ್ತಾರೆ.

ಹಲಗೆ ಆರಿಸುವಾಗ ಅವಸರ ಬೇಡ. ಆರೂಕಾಲು ಅಡಿ ಉದ್ದ, ಎರಡು ಇಂಚು ಅಗಲ, ಒಂದು ಇಂಚು ದಪ್ಪದ ಪಟ್ಟಿ ಸಾಕು. ಅದನ್ನು ಬೆಳಕಿಗೆ ಹಿಡಿದು ಎಳೆಗಳನ್ನು ನೋಡು. ಮೇಲ್ಮೈಯಲ್ಲೂ ಪಕ್ಕದ ಅಂಚಿನಲ್ಲೂ ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೇರ ಓಡಬೇಕು. ಓರೆಯಾಗಿ ಹರಿದು ಅಂಚಿನಾಚೆ ಬಿಟ್ಟುಹೋದ ಎಳೆ ಕಂಡರೆ ಆ ಪಟ್ಟಿಯನ್ನು ಅಲ್ಲೇ ಇಡು, ಮುಂದೆ ಬಿಲ್ಲು ಸೀಳುವುದು ಆ ಜಾಗದಲ್ಲೇ. ಗಂಟಿರುವ ಪಟ್ಟಿಯೂ ಬೇಡ. ಅಂಗಡಿಯವರು ಬೇಸರಪಟ್ಟರೂ ಚಿಂತೆಯಿಲ್ಲ, ರಾಶಿಯನ್ನೆಲ್ಲ ತಿರುವಿ ನೋಡು. ಅರ್ಧ ಬಿಲ್ಲು ತಯಾರಾಗುವುದು ಆ ರಾಶಿಯ ಮುಂದೆಯೇ.

ಹಸಿ ಮರದ ಬಿಲ್ಲು ಬಾಗಿದಲ್ಲೇ ಉಳಿದುಬಿಡುತ್ತದೆ. ಹಸಿ ತುಂಡು ಸಿಕ್ಕಿದರೆ ಎರಡೂ ತುದಿಗಳಿಗೆ ದಪ್ಪಗೆ ಬಣ್ಣವೋ ಫೆವಿಕಾಲೋ ಬಳಿ. ತುದಿಯಿಂದ ನೀರು ಬೇಗ ಆರಿಹೋದರೆ ಮರ ಬಿರಿಯುತ್ತದೆ. ಆಮೇಲೆ ನೆರಳಲ್ಲಿ, ಗಾಳಿಯಾಡುವ ಅಟ್ಟದಲ್ಲಿ ಅಡ್ಡ ಮಲಗಿಸಿಡು. ಬಿಸಿಲಿಗೆ ಇಡಬೇಡ. ಒಣಗಿತೋ ಇಲ್ಲವೋ ತಿಳಿಯಲು ವಾರಕ್ಕೊಮ್ಮೆ ತೂಗಿ ಬರೆದಿಡು. ತೂಕ ಇಳಿಯುವುದು ನಿಂತಾಗ ಮರ ಸಿದ್ಧವಾಗಿದೆ ಎಂದರ್ಥ. ಬಿದಿರಾದರೆ ಕೆಲವು ವಾರ ನೀರಲ್ಲಿ ಮುಳುಗಿಸಿಟ್ಟು ಆಮೇಲೆ ಒಣಗಿಸು. ಒಳಗಿನ ಪಿಷ್ಟ ಕರಗಿಹೋಗಿ ಕುಟ್ಟೆ ಹುಳುವಿನ ಕಾಟ ಕಡಿಮೆಯಾಗುತ್ತದೆ.

ಬಿಲ್ಲಿಗೆ ಬೆನ್ನೂ ಇದೆ, ಹೊಟ್ಟೆಯೂ ಇದೆ. ಗುರಿಯ ಕಡೆಗಿರುವುದು ಬೆನ್ನು, ನಿನ್ನ ಮುಖದ ಕಡೆಗಿರುವುದು ಹೊಟ್ಟೆ. ಎಳೆದಾಗ ಬೆನ್ನಿನ ಎಳೆಗಳು ಹಿಗ್ಗುತ್ತವೆ, ಹೊಟ್ಟೆಯ ಎಳೆಗಳು ಕುಗ್ಗುತ್ತವೆ. ಆದ್ದರಿಂದ ಬೆನ್ನಿಗೆ ಬಾಚಿ, ಕೀಸುಳಿ ತಾಗಿಸಬೇಡ. ಅಲ್ಲಿ ಒಂದು ಎಳೆ ತುಂಡಾದರೂ ಸೀಳು ಅಲ್ಲಿಂದಲೇ ಶುರುವಾಗುತ್ತದೆ. ಬಿದಿರಾದರೆ ಹೊರಸಿಪ್ಪೆಯೇ ಬೆನ್ನು. ಅದರ ಗಟ್ಟಿ ನಾರುಗಳೆಲ್ಲ ಒತ್ತಾಗಿರುವುದು ಅಲ್ಲೇ. ನೀನು ಮರ ತೆಗೆಯುವುದೆಲ್ಲ ಪಕ್ಕದಿಂದ ಮತ್ತು ಹೊಟ್ಟೆಯಿಂದ ಮಾತ್ರ.

ಅಳತೆ ಹೀಗಿರಲಿ. ಉದ್ದ ಆರಡಿ. ನಡುವೆ ನಾಲ್ಕು ಇಂಚು ಹಿಡಿಕೆ. ಹಿಡಿಕೆಯ ಆಚೀಚೆ ಎರಡು ತೋಳು. ತೋಳಿನ ಅರ್ಧದವರೆಗೆ ಒಂದೂವರೆ ಇಂಚು ಅಗಲ, ಅಲ್ಲಿಂದ ತುದಿಯವರೆಗೆ ಸಣ್ಣಗಾಗುತ್ತ ಅರ್ಧ ಇಂಚು. ದಪ್ಪ ಹಿಡಿಕೆಯ ಬಳಿ ಮುಕ್ಕಾಲು ಇಂಚಿನಿಂದ ಶುರುವಾಗಿ ತುದಿಯಲ್ಲಿ ಅರ್ಧಕ್ಕೆ ಇಳಿಯಲಿ. ಇಂಗ್ಲಿಷ್ ಬಿಲ್ಲಿನ ಹೊಟ್ಟೆ ದುಂಡಗಿರುತ್ತದೆ. ಯೂ ಮರದ ಕೆಚ್ಚು ಆ ಒತ್ತಡವನ್ನು ತಾಳಿಕೊಳ್ಳುತ್ತದೆ, ಬೇರೆ ಮರದ ಮೇಲೆ ಆ ಭಾರ ಹಾಕಬೇಡ. ನಿನ್ನ ಬಿಲ್ಲಿನ ಹೊಟ್ಟೆ ಚಪ್ಪಟೆಯಾಗಿರಲಿ. ಉದ್ದ ಮತ್ತು ಅಗಲ ಹೆಚ್ಚಿದಷ್ಟೂ ಬಾಗಿನ ಭಾರ ಹೆಚ್ಚು ಮರಕ್ಕೆ ಹಂಚಿಹೋಗುತ್ತದೆ, ಕಲಿಯುವ ಕೈಯ ಏರುಪೇರುಗಳನ್ನು ಬಿಲ್ಲು ತಡೆದುಕೊಳ್ಳುತ್ತದೆ.

ಈಗ ಒಂದು ಲೆಕ್ಕವನ್ನು ಮನಸ್ಸಿನಲ್ಲಿ ಗಟ್ಟಿಮಾಡಿಕೋ. ಅಗಲ ಇಮ್ಮಡಿಯಾದರೆ ಬಿಲ್ಲಿನ ಬಿಗಿ ಇಮ್ಮಡಿಯಾಗುತ್ತದೆ. ದಪ್ಪ ಇಮ್ಮಡಿಯಾದರೆ ಬಿಗಿ ಎಂಟು ಪಟ್ಟಾಗುತ್ತದೆ. ಹತ್ತು ಮಿಲಿಮೀಟರ್ ದಪ್ಪವಿರುವ ಕಡೆ ಒಂದೇ ಒಂದು ಮಿಲಿಮೀಟರ್ ಕೀಸಿದರೆ, ಅಲ್ಲಿಯ ಬಿಗಿಯಲ್ಲಿ ಕಾಲು ಭಾಗಕ್ಕೂ ಹೆಚ್ಚು ಹೋಗಿಬಿಡುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಸುರುಳಿಗಳು ನಾಲ್ಕಾರು ಬಿದ್ದರೂ ಬಿಲ್ಲಿನ ನಡತೆ ಬೇರೆಯಾಗುತ್ತದೆ. ಆದ್ದರಿಂದ ಗೀಟು ಹಾಕಿದ ಆಕಾರ ಬರುವವರೆಗೆ ಬಾಚಿ, ಕೀಸುಳಿ ಹಿಡಿ. ಅದು ಮುಗಿದ ಮೇಲೆ ಅವನ್ನು ಎತ್ತಿಟ್ಟು ಅರ ಹಿಡಿ. ಕೊನೆಗೆ ಕೆರೆಯುವ ತಗಡೊಂದೇ ಸಾಕು.

ಇಲ್ಲಿಂದ ಮುಂದಿನದೇ ಬಿಲ್ಲು ಮಾಡುವ ಕೆಲಸದ ಜೀವ. ಅದನ್ನು ಹದ ಮಾಡುವುದು ಎನ್ನೋಣ. ಎರಡು ತೋಳುಗಳೂ ಸಮವಾಗಿ, ತೋಳಿನ ಉದ್ದಕ್ಕೂ ಹಂಚಿಕೊಂಡಂತೆ ಬಾಗುವ ಹಾಗೆ ಮಾಡುವ ಕೆಲಸ ಇದು. ಮೊದಲು ಒಂದು ತುದಿಯನ್ನು ನೆಲಕ್ಕೂರಿ, ಹಿಡಿಕೆಯನ್ನು ಕೈಯಲ್ಲಿ ಒತ್ತಿ, ಪ್ರತಿ ತೋಳೂ ಒಂದಿಷ್ಟು ಬಾಗುವವರೆಗೆ ಹೊಟ್ಟೆಯನ್ನು ಕೀಸು. ಆಮೇಲೆ ತುದಿಗಳಲ್ಲಿ ಹೆದೆ ಕೂರಲು ಕೊಪ್ಪು ಕೊರೆ. ಹೆದೆ ಏರಿಸುವ ಹೊತ್ತು ಇನ್ನೂ ಬಂದಿಲ್ಲ. ಬಿಲ್ಲಿಗಿಂತ ಉದ್ದದ ಗಟ್ಟಿ ಹುರಿಯನ್ನು ಸಡಿಲವಾಗಿ ಕಟ್ಟಿ, ಗೋಡೆಗೆ ಹೊಡೆದ ಗೂಟದ ಮೇಲೆ ಹಿಡಿಕೆ ಕೂರಿಸು. ಕೆಳಗೆ ರಾಟೆ ಹಾಕಿ, ಹುರಿಯ ನಡುವಿಗೆ ಸಾಮಾನು ತೂಗುವ ಕೊಕ್ಕೆಯ ತಕ್ಕಡಿ ಸಿಕ್ಕಿಸಿ ಅದಕ್ಕೆ ಹಗ್ಗ ಕಟ್ಟು. ಹಗ್ಗದ ಇನ್ನೊಂದು ತುದಿ ಹಿಡಿದು ಎಂಟು ಹತ್ತು ಅಡಿ ದೂರ ನಿಂತು ಎಳೆ. ಹತ್ತಿರದಿಂದ ಬಿಲ್ಲಿನ ಬಾಗು ಕಾಣುವುದಿಲ್ಲ, ಮುರಿದರೆ ಚೂರು ಮುಖಕ್ಕೆ ಹಾರುವ ಅಪಾಯವೂ ಇದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಈ ಕೆಲಸ ಮಾಡು.

ನಾಲ್ಕು ಇಂಚು ಎಳೆದು ನೋಡು. ಎಲ್ಲಿ ಬಾಗಿದೆ, ಎಲ್ಲಿ ಹಲಗೆಯಂತೆ ಸೆಟೆದು ನಿಂತಿದೆ? ಕಣ್ಣಿಗೆ ಸಂಶಯವಾದರೆ ಆರು ಇಂಚಿನ ನೇರ ಪಟ್ಟಿಯೊಂದನ್ನು ತೆಗೆದುಕೋ. ಬಿಲ್ಲನ್ನು ಸ್ವಲ್ಪವೇ ಬಾಗಿಸಿ ಗೂಟಕ್ಕೆ ಸಿಕ್ಕಿಸಿ, ಆ ಪಟ್ಟಿಯನ್ನು ಹೊಟ್ಟೆಯ ಮೇಲೆ ಮೆಲ್ಲನೆ ಸರಿಸುತ್ತ ಹೋಗು. ಬಾಗಿದ ಕಡೆ ಪಟ್ಟಿಯ ನಡುವೆ ಸಂದು ಕಾಣುತ್ತದೆ, ಅದರಲ್ಲಿ ಬೆಳಕು ತೂರುತ್ತದೆ. ಸೆಟೆದ ಕಡೆ ಪಟ್ಟಿ ಮರಕ್ಕೆ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಕಡೆಯೆಲ್ಲ ಪೆನ್ಸಿಲಿನಿಂದ ಗೀಚು. ಬಿಲ್ಲನ್ನು ಇಳಿಸಿ, ಆ ಗೀಚು ಅಳಿಸಿಹೋಗುವಷ್ಟು ಮಾತ್ರ ಕೆರೆ. ಮತ್ತೆ ಏರಿಸಿ ಸಣ್ಣಗೆ ಇಪ್ಪತ್ತು ಮೂವತ್ತು ಸಲ ಎಳೆದು ಬಿಡು. ಕೀಸಿದ ಪರಿಣಾಮ ಮರದಲ್ಲಿ ತಕ್ಷಣ ಕಾಣುವುದಿಲ್ಲ. ಎಳೆದು ಬಿಟ್ಟು ಮಾಡಿದ ಮೇಲಷ್ಟೇ ಅದರ ಹೊಸ ಬಾಗು ಹೊರಬೀಳುತ್ತದೆ. ಆ ತಾಳ್ಮೆಯಿಲ್ಲದೆ ಕೆರೆಯುತ್ತಲೇ ಹೋದರೆ ಬೇಕಾದ್ದಕ್ಕಿಂತ ಹೆಚ್ಚು ಮರ ಹೋಗಿರುತ್ತದೆ.

ಎಲ್ಲಾದರೂ ಒಂದು ಜಾಗ ಕೀಲಿನಂತೆ ಜಾಸ್ತಿ ಮಡಿಯುತ್ತಿದೆಯೋ? ಹುಷಾರು. ಕೈ ತಾನಾಗಿ ಆ ಜಾಗಕ್ಕೇ ಹೋಗುತ್ತದೆ, ಅಲ್ಲಿ ಏನಾದರೂ ಮಾಡಿ ಸರಿಪಡಿಸಬೇಕೆನಿಸುತ್ತದೆ. ಅಲ್ಲಿ ಮಾಡುವಂಥದ್ದು ಏನೂ ಇಲ್ಲ, ತೆಗೆದ ಮರವನ್ನು ಮತ್ತೆ ಅಂಟಿಸಲಾಗದು. ಆ ಜಾಗದ ಆಚೆ ಈಚೆ ‘ಮುಟ್ಟಬಾರದು’ ಎಂದು ಗೆರೆ ಹಾಕಿ ಅದನ್ನು ಬಿಟ್ಟುಬಿಡು. ಉಳಿದ ಭಾಗವನ್ನೆಲ್ಲ ಅದರ ಮಟ್ಟಕ್ಕೆ ಬರುವವರೆಗೆ ತೆಳುವು ಮಾಡು. ಆಗ ಇಡೀ ಬಿಲ್ಲಿನ ಬಲ ಇಳಿಯುತ್ತದೆ, 30 ಎಂದುಕೊಂಡದ್ದು 24 ಆಗಬಹುದು. ಆಗಲಿ. ಬಿಲ್ಲಿನ ಬಲವನ್ನು ಕೊನೆಗೆ ತೀರ್ಮಾನಿಸುವುದು ಅದರ ದುರ್ಬಲ ಜಾಗ. ಅದನ್ನು ಒಪ್ಪಿಕೊಂಡವನ ಬಿಲ್ಲು ಬಾಳುತ್ತದೆ. 60 ಪೌಂಡು ಆಗಲೇಬೇಕೆಂದು ಹಟ ಹಿಡಿದವನ ಬಿಲ್ಲು ಆ ಜಾಗದಲ್ಲೇ ಮುರಿಯುತ್ತದೆ. ಮೊದಲ ಬಿಲ್ಲಿಗೆ ಸಂಖ್ಯೆ ಕಟ್ಟಿಕೊಳ್ಳಬೇಡ ಎಂದು ನಾನು ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕೇ.

ಇದರ ಜೊತೆಗೆ ಇನ್ನೊಂದು ಕಟ್ಟಳೆ. ಕೆಲಸದ ಯಾವ ಹಂತದಲ್ಲೂ ತಕ್ಕಡಿಯ ಮುಳ್ಳು 30 ಪೌಂಡು ದಾಟಬಾರದು. ಎಂಟು ಇಂಚು ಎಳೆದಾಗಲೇ 30 ತೋರಿಸಿತೆಂದರೆ ಅಲ್ಲಿಗೆ ನಿಲ್ಲಿಸಿ ಮರ ತೆಗೆ. ಹತ್ತಕ್ಕೆ ಹೋಗು, ಮತ್ತೆ ನೋಡು. ಹದ ಸಮವಾದ ಮೇಲಷ್ಟೇ ಹೆದೆ ಏರಿಸು. ಹಿಡಿಕೆಗೂ ಹೆದೆಗೂ ನಡುವೆ ಮುಷ್ಟಿ ಇಟ್ಟು ಹೆಬ್ಬೆರಳು ಚಾಚಿದಷ್ಟು, ಅಂದರೆ ಆರು ಇಂಚಿನಷ್ಟು ಅಂತರ ಇರಲಿ. ಹೀಗೆ ಇಂಚಿಂಚೇ ಮುಂದುವರಿದು, ನಿನ್ನ ಎಳೆತ, ಅಂದರೆ ನೀನು ಹೆದೆ ಎಳೆಯುವ ದೂರ, 26 ಇಂಚಾದರೆ 24ಕ್ಕೆ ಬಂದಾಗಲೇ ಅರ ಕೆಳಗಿಡು. ಉಪ್ಪುಕಾಗದ ಹಾಕಿ ಉಜ್ಜುವಾಗ, ಆಮೇಲೆ ಬಾಣ ಬಿಟ್ಟು ಪಳಗಿಸುವಾಗ ಉಳಿದ ಎರಡು ಇಂಚು ತಾನಾಗಿ ಸಿಗುತ್ತದೆ. ಅಂಚುಗಳನ್ನು ದುಂಡಗೆ ಮಾಡು, ಅಗಸೆ ಎಣ್ಣೆ ಕುಡಿಸು, ಹಿಡಿಕೆಗೆ ಹತ್ತಿಯ ದಾರ ಬಿಗಿಯಾಗಿ ಸುತ್ತು.

ಹೆದೆಗೆ ಹಿಗ್ಗದ ದಾರ ಬೇಕು. ನೈಲಾನ್ ಹಗ್ಗ ಹಿಗ್ಗುತ್ತದೆ, ಬೇಡ. ಬಿಲ್ಲುಗಾರಿಕೆಯ ಸಾಮಾನಿನ ಅಂಗಡಿಯಲ್ಲಿ ಸಿಗುವ ಡಾಕ್ರಾನ್ ದಾರದಲ್ಲಿ ಹೆದೆ ಹೊಸೆಯುವುದನ್ನು ಕಲಿ. ಮರದ ಬಿಲ್ಲಿಗೆ ಅದು ಒಗ್ಗುತ್ತದೆ.

ಬಿಲ್ಲು ಸಿದ್ಧವಾದ ಮೇಲೆ ಅದನ್ನು ಬಾಳಿಸುವ ನಿಯಮಗಳಿವೆ. ಬಾಣ ಹೂಡದೆ ಹೆದೆಯನ್ನು ಎಳೆದು ಬಿಡಬೇಡ. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಮರಕ್ಕೇ ತಿರುಗಿ ಬಿದ್ದು ಬಿಲ್ಲು ಒಡೆಯುತ್ತದೆ. ಪೂರ್ತಿ ಎಳೆದು ಹಿಡಿದುಕೊಂಡು ಮಾತಾಡುತ್ತ ನಿಲ್ಲಬೇಡ. ನಿನಗಿಂತ ಉದ್ದ ತೋಳಿನವರ ಕೈಗೆ ಕೊಡಬೇಡ, ಅವರು 28 ಇಂಚು ಎಳೆದುಬಿಡುತ್ತಾರೆ. ಆಟ ಮುಗಿದೊಡನೆ ಹೆದೆ ಇಳಿಸು. ಮೂಲೆಗೆ ಒರಗಿಸಿಡದೆ ಎರಡು ಗೂಟಗಳ ಮೇಲೆ ಅಡ್ಡ ಇಡು. ಹೊಟ್ಟೆಯ ಮೇಲೆ ಅಡ್ಡಡ್ಡ ಸಣ್ಣ ಸುಕ್ಕುಗಳು ಕಂಡರೆ ಅಲ್ಲಿ ಮರ ನಲುಗಿದೆ ಎಂದು ತಿಳಿದು ಎಳೆಯುವುದನ್ನು ಕಡಿಮೆ ಮಾಡು.

ಮೆದು ಬಿಲ್ಲು ಎಂದರೆ ಆಟಿಕೆಯಲ್ಲ. 25 ಪೌಂಡಿನ ಬಿಲ್ಲಿನ ಬಾಣವೂ ಕಣ್ಣು ಕೀಳುತ್ತದೆ, ಪ್ರಾಣ ತೆಗೆಯುತ್ತದೆ. ಹುಲ್ಲಿನ ಪೆಂಡಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರುವ ಕಡೆಯೇ ಗುರಿ ಕಟ್ಟು. ಆಕಾಶಕ್ಕೆ ಬಾಣ ಬಿಡಬೇಡ, ಅದು ಎಲ್ಲಿ ಇಳಿಯುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಹಕ್ಕಿ, ಮೊಲ ಯಾವುದಕ್ಕೂ ಗುರಿಯಿಡಬೇಡ. 1972ರ ವನ್ಯಜೀವಿ ಕಾಯ್ದೆ ಒಂದು ಕಾರಣ. ನಿನ್ನ ಕೈಯಿಂದ ಒಂದು ಜೀವ ನರಳಬಾರದು ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಕೆಲಸ ನಿಧಾನವಾಯಿತೆಂದು ಬೇಸರ ಬಂದಾಗ ಇದನ್ನು ನೆನೆ. 1991ರಲ್ಲಿ ಇಟಲಿ–ಆಸ್ಟ್ರಿಯಾ ಗಡಿಯ ಹಿಮದಲ್ಲಿ ಸುಮಾರು 5,300 ವರ್ಷ ಹಿಂದಿನ ಮನುಷ್ಯನೊಬ್ಬನ ದೇಹ ಸಿಕ್ಕಿತು, ಓಟ್ಜಿ ಎಂದು ಅವನನ್ನು ಕರೆಯುತ್ತಾರೆ. ಅವನ ಬಳಿ ಆರಡಿ ಉದ್ದದ ಯೂ ಮರದ ಬಿಲ್ಲಿತ್ತು. ಅದು ಇನ್ನೂ ಅರ್ಧ ಕೆಲಸದಲ್ಲಿತ್ತು. ಕೊಪ್ಪು ಕೊರೆದಿರಲಿಲ್ಲ, ಕೊಡಲಿಯ ಕೆತ್ತಿನ ಗುರುತುಗಳು ಮೈಮೇಲೆ ಹಾಗೇ ಇದ್ದವು. ಬತ್ತಳಿಕೆಯ 14 ಬಾಣಗಳಲ್ಲಿ ಪೂರ್ತಿಯಾಗಿದ್ದವು ಎರಡೇ. ಹೊಟ್ಟೆಪಾಡಿಗೆ ಬಿಲ್ಲನ್ನು ನಂಬಿದ್ದ ಮನುಷ್ಯ ಕೂಡ ಹೋದಲ್ಲಿಗೆ ಬಿಲ್ಲುಮರವನ್ನು ಹೊತ್ತು, ಬಿಡುವು ಸಿಕ್ಕಾಗ ಒಂದಿಷ್ಟು ಕೆತ್ತುತ್ತ ಸಾಗಿದ್ದಿರಬೇಕು. ನಿನಗೆ ಬೆನ್ನಟ್ಟುವ ಹಸಿವೂ ಇಲ್ಲ, ಶತ್ರುವೂ ಇಲ್ಲ. ಪರೀಕ್ಷೆಯ ಓದು ಮುಗಿಸಿ ಸಂಜೆ ಒಂದು ಗಂಟೆ ಕೂತರೆ ಸಾಕು.

ಹೇಳಿಕೊಡುವವರು ಸಿಕ್ಕಿದರೆ ವಿನಯದಿಂದ ಕಲಿ. ಕ್ಯಾಲಿಫೋರ್ನಿಯಾದ ಯಾಹಿ ಬುಡಕಟ್ಟಿನ ಇಶಿ ತನ್ನ ಜನರಲ್ಲಿ ಕೊನೆಯವನಾಗಿ 1911ರಲ್ಲಿ ಹೊರಜಗತ್ತಿಗೆ ಬಂದ. 1916ರಲ್ಲಿ ತೀರಿಕೊಂಡ. ಆ ಕೆಲವೇ ವರ್ಷಗಳಲ್ಲಿ ಸ್ಯಾಕ್ಸ್‌ಟನ್ ಪೋಪ್ ಎಂಬ ಶಸ್ತ್ರವೈದ್ಯ ಅವನ ಪಕ್ಕ ಕೂತು ಬಿಲ್ಲುಬಾಣ ಮಾಡುವುದನ್ನು ಕಲಿತು ಬರೆದಿಟ್ಟ. ಹಾಗೆ ಕೂರದಿದ್ದರೆ ಒಂದು ಇಡೀ ಜನಾಂಗದ ಕೈಯರಿವಿನಲ್ಲಿ ಇಷ್ಟೂ ಉಳಿಯುತ್ತಿರಲಿಲ್ಲ. ನಿನ್ನ ಊರಲ್ಲೂ ಬಿದಿರು ಸೀಳುವ ಮೇದರು ಇದ್ದಾರೆ, ಬಾಚಿ ಹಿಡಿದ ಆಚಾರಿಗಳು ಇದ್ದಾರೆ. ಎಳೆ ನೋಡುವುದನ್ನು, ಗಂಟು ತಪ್ಪಿಸುವುದನ್ನು ಅವರಷ್ಟು ಚೆನ್ನಾಗಿ ನಾನು ಬರೆದು ತಿಳಿಸಲಾರೆ. ಹೋಗಿ ಅವರ ಬಳಿ ಕೂರು.

ಬಿಲ್ಲು ಮುಗಿದಾಗ ಅದರ ಹೊಟ್ಟೆಯ ಮೇಲೆ ಹಿಡಿಕೆಯ ಪಕ್ಕ ಮರದ ಹೆಸರು, ಉದ್ದ, ಎಳೆತ, ಬಲ, ಮುಗಿದ ತಿಂಗಳು ಬರೆ. ಬಲದ ಜಾಗದಲ್ಲಿ 24 ಎಂದು ಬರೆಯಬೇಕಾಗಿ ಬಂದರೂ ತಲೆಯೆತ್ತಿ ಬರೆ. ಆ ಬಿಲ್ಲಿನಲ್ಲಿ ದಿನಾ ಬಾಣ ಬಿಡು. ಹೆಗಲು ಗಟ್ಟಿಯಾಗಲಿ, ಕಣ್ಣು ಪಳಗಲಿ. ಎರಡನೆಯದು 35 ಆಗಬಹುದು, ಮೂರನೆಯದು 40. ಅವುಗಳಿಗೆ ಬೇಕಾದ ಮರವನ್ನು ಇವತ್ತೇ ಆರಿಸಿ ತುದಿಗೆ ಬಣ್ಣ ಬಳಿದು ಅಟ್ಟಕ್ಕೆ ಹಾಕು. ಮೊದಲನೆಯದು ಮುಗಿಯುವ ಹೊತ್ತಿಗೆ ಅದು ಒಣಗಿ ಸಿದ್ಧವಾಗಿರುತ್ತದೆ.